ಹೌಸಾಬಾಯಿ ಮಷೀನಿಗೆ ಹೇಳಿದ ಮಾತು

ಸುನಂದಾಬಾಯಿ, ಬಟನ್ ನೀವು ಸರಿಯಾಗಿಯೇ ಒತ್ತಿದ್ದಿರಿ. ನಿಮ್ಮ ಅವ್ವ ಹೌಸಾಬಾಯಿಯವರು ಅಂದು ಕ್ಯಾಮೆರಾದ ಮುಂದೆ ಆಡಿದ ಮಾತೆಲ್ಲ ಕ್ಯಾಸೆಟ್ಟಿನಲ್ಲಿ ಬಂದಿತ್ತು — ಮಾರಿ, ದನಿ, ನಡುವೆ ಒಮ್ಮೆ ಕೆಮ್ಮಿದ್ದು, ಎಲ್ಲ. ಅದನ್ನು ಅಳಿಸಿದವನು ನಾನು. ಅಳಿಸಿದ ಮೇಲೆ, ನೀವು ಬಟನ್ನೇ ಒತ್ತಿರಲಿಲ್ಲವೆಂದು ಎಲ್ಲರ ಮುಂದೆ ಹೇಳಿದವನೂ ನಾನೇ.

ಇದನ್ನು ನಿಮಗೊಬ್ಬರಿಗೇ ಕಾಗದ ಬರೆದು ತಿಳಿಸಬಹುದಿತ್ತು. ಆದರೆ ಸುಳ್ಳನ್ನು ಜನರ ನಡುವೆ ಹೇಳಿದವನು ಖರೆಯನ್ನು ಮರೆಯಲ್ಲಿ ಹೇಳುವುದು — ಬೇಡ, ಅದು ಇನ್ನೊಂದು ಸಣ್ಣತನ. ಎಲ್ಲರೂ ಓದಲಿ ಎಂದೇ ಬರೆಯುತ್ತಿದ್ದೇನೆ. ನಮ್ಮಿಬ್ಬರನ್ನು ಅರಿಯದವರಿಗಾಗಿ ಮೊದಲಿನಿಂದ ಹೇಳಬೇಕು.

ನಾನು ಅಥಣಿ ತಾಲೂಕಿನ ಐಗಳಿಯವನು. ಏಳನೇ ಇಯತ್ತೆಗೆ ಸಾಲಿ ಬಿಟ್ಟೆ. ಅಣ್ಣಂದಿರು ದ್ರಾಕ್ಷಿ ತೋಟಕ್ಕೆ ನಿಂತರು, ನಾನು ಅಥಣಿಯ ಒಂದು ಫೋಟೋ ಸ್ಟುಡಿಯೋದಲ್ಲಿ ಕಸ ಹೊಡೆಯಲು ನಿಂತೆ. ಕಸ ಹೊಡೆಯುತ್ತಲೇ ಫೋಟೋ ತೊಳೆಯುವುದು ಕಲಿತೆ, ತೆಗೆಯುವುದು ಕಲಿತೆ. ತೊಂಬತ್ತರ ದಶಕ ಕಾಲಿಡುವ ಹೊತ್ತಿಗೆ ನನ್ನದೇ ವಿಡಿಯೋ ಕ್ಯಾಮೆರಾ ಇತ್ತು. ಚಿಕ್ಕೋಡಿಯಿಂದ ಕಾಗವಾಡದವರೆಗೆ ಮದುವೆ ಎಂದರೆ ಮೊದಲು ನನಗೆ ಹೇಳಿಕಳಿಸುತ್ತಿದ್ದರು. ಯಾರ ಕಾಲೂ ಹಿಡಿಯದೆ ಮೇಲೆ ಬಂದೆನೆಂಬ ಸೊಕ್ಕಿತ್ತು ನನಗೆ. ಸೊಕ್ಕೇ ಅದು, ಸ್ವಾಭಿಮಾನ ಎಂದು ಈಗ ಅದಕ್ಕೆ ಚಂದದ ಅಂಗಿ ತೊಡಿಸುವುದಿಲ್ಲ.

ಅದೇ ದಶಕದ ಒಂದು ವರ್ಷ, ಸಂಕ್ರಮಣ ಮುಗಿದ ಮೇಲೆ ನಿಪ್ಪಾಣಿಯ ಧರ್ಮಶಾಲೆಯೊಂದರಲ್ಲಿ ಸಿನಿಮಾ ಮಾಡುವುದನ್ನು ಕಲಿಸುವ ಎರಡು ವಾರದ ಶಿಬಿರ ನಡೆಯಿತು. ಸಿನಿಮಾ ದೊಡ್ಡ ಊರಿನವರ ಸ್ವತ್ತಲ್ಲ, ಎಲ್ಲ ನಮೂನೆಯ ಜನ ಬರಬೇಕು ಎಂದು ಕರೆದಿದ್ದರು. ರಾಯಬಾಗದಿಂದ ಒಬ್ಬ ಕಾಲೇಜು ಮಾಸ್ತರರು ಬಂದಿದ್ದರು, ಶೇಡಬಾಳದಿಂದ ನಾಟಕ ಬರೆಯುವ ತರುಣನೊಬ್ಬ, ಹೀಗೇ ಹತ್ತಾರು ಮಂದಿ. ನಿಪ್ಪಾಣಿಯವರೇ ಆದ ನೀವು ಅಂಗನವಾಡಿ ಕೆಲಸಕ್ಕೆ ರಜೆ ಹಾಕಿ ದಿನಾ ಮನೆಯಿಂದ ಬಂದು ಹೋಗುತ್ತಿದ್ದಿರಿ. ಇಬ್ಬಿಬ್ಬರಿಗೆ ಒಂದು ಕ್ಯಾಮೆರಾ, ಒಂದೇ ಕ್ಯಾಸೆಟ್. ನನ್ನ ಜೋಡಿಗೆ ನೀವು ಬಂದಿರಿ.

ಯಾರು ಏನು ಸಿನಿಮಾ ಮಾಡುತ್ತೀರೆಂದು ಬೆಂಗಳೂರಿನಿಂದ ಬಂದ ಸರ್ ಕೇಳಿದರು. ಭೋಜದಲ್ಲಿ ನಮ್ಮ ಬೀಗರ ಗಾಣವಿದೆ, ಬೆಲ್ಲ ಮಾಡುವುದನ್ನು ತೆಗೆಯುತ್ತೇನೆ ಎಂದೆ. ನೀವು ಎದ್ದು ನಿಂತಿರಿ.

"ನಮ್ಮವ್ವ ತಂಬಾಕದ ವಖಾರದಾಗ ದುಡೀತಾಳ್ರಿ. ನಾ ಕಲಿಯೂಮುಂದ ಒಂದ ದಿನಾನೂ ನನ್ನ ಸಾಲಿಗೆ ಬರಲಿಲ್ಲ. ವರ್ಷದ ಗ್ಯಾದರಿಂಗಿಗೂ ಇಲ್ಲ, ಬಹುಮಾನ ಕೊಡೂ ದಿನಾನೂ ಇಲ್ಲ. ಯಾಕ ಬರಲಿಲ್ಲ ಅಂತ ಒಮ್ಮೆ ಕೇಳಬೇಕ್ರಿ. ಅದ ನನ್ನ ಸಿನಿಮಾ."

ಸರ್ ಅದನ್ನು ತಮ್ಮ ವಹಿಯಲ್ಲಿ ಬರೆದುಕೊಂಡರು. ಆಮೇಲೆ ನಾನು ತೆಗೆದ ಮೊದಲ ಶಾಟುಗಳನ್ನು ನೋಡಿ, "ನಿಮ್ಮ ಕೈ ಇನ್ನೂ ಮದುವೆ ಮನೇಲೇ ಇದೆಯಲ್ರೀ, ಯಾವಾಗ ಬರುತ್ತೆ ಹೊರಗೆ? ಎಲ್ಲದಕ್ಕೂ ಜೂಮ್ ಯಾಕೆ?" ಎಂದರು. ಎಲ್ಲರೂ ನಕ್ಕರು. ನೀವು ನಗಲಿಲ್ಲ. ಪಾಪ ಅಂದುಕೊಂಡಿರಬೇಕು ಎಂದು ನನಗೆ ಅದರ ಮೇಲೂ ಸಿಟ್ಟು. ಕ್ಯಾಮೆರಾದಿಂದಲೇ ಹೊಟ್ಟೆ ಹೊರೆದವನು ಆ ಶಿಬಿರದಲ್ಲಿ ನಾನೊಬ್ಬನೇ. ಆದರೆ ಅಲ್ಲಿ ನನ್ನನ್ನು ಸ್ಟ್ಯಾಂಡ್ ಹೊರುವುದಕ್ಕೆ ಕರೆಯುತ್ತಿದ್ದರು, ಮಾತಾಡುವುದಕ್ಕೆ ನಿಮ್ಮನ್ನು. ಹಲ್ಲು ಕಚ್ಚಿಕೊಂಡು ಇದ್ದೆ.

ಒಮ್ಮೆ ಒತ್ತಿದರೆ ಶುರು, ಮತ್ತೊಮ್ಮೆ ಒತ್ತಿದರೆ ಬಂದ್, ಕೆಂಪು ದೀಪ ನೋಡಿಕೊಳ್ಳಬೇಕು — ನಿಮಗೆ ಅಷ್ಟೇ ಕಲಿಸಿದ್ದೆ. ಒಂದೇ ಸಲಕ್ಕೆ ಕಲಿತಿರಿ.

ಅಂದು ಮಧ್ಯಾಹ್ನ ನಿಮ್ಮ ಮನೆಗೆ ಹೋದೆವು. ಅವ್ವ ವಖಾರದಿಂದ, ಅಂದರೆ ತಂಬಾಕು ಹಸನು ಮಾಡುವ ಗೋದಾಮಿನಿಂದ, ಆಗಷ್ಟೇ ಬಂದಿದ್ದರು, ಸೆರಗಿನ ತುಂಬ ತಂಬಾಕಿನ ಧೂಳು. ನೀವು ಸ್ಟ್ಯಾಂಡಿನ ಮೇಲೆ ಕ್ಯಾಮೆರಾ ನಿಲ್ಲಿಸಿದಿರಿ. ಅವರು ಅದನ್ನು ನೋಡಿದರು, ನಿಮ್ಮನ್ನು ನೋಡಿದರು. ಮಗಳನ್ನು ಅವರು 'ಬಾಳಾ' ಎಂದೇ ಕರೆಯುತ್ತಿದ್ದರು.

"ಏ ಬಾಳಾ, ನೀ ಹೊರಗ ಹೋಗ. ನಿನ್ನ ಮಾರಿ ನೋಡಕೋತ ನನಗ ಹೇಳಾಕ ಆಗಂಗಿಲ್ಲ. ಮಷೀನಿಗೆ ಹೇಳ್ತೀನಿ. ದಾದಾ, ನೀವೂ ನಡೀರಿ. ಇದೇನ ಕಚ್ಚತೈತೇನ?"

"ಕಚ್ಚಂಗಿಲ್ರೀ ಅವ್ವಾರ," ಎಂದು ನಗುತ್ತ ಹೊರಬಂದೆ. ನೀವು ಬಟನ್ ಒತ್ತಿ, ದೀಪ ನೋಡಿ, ಬಾಗಿಲು ಎಳೆದುಕೊಂಡು ಬಂದಿರಿ. ಇಬ್ಬರೂ ನಳದ ಹತ್ತಿರ ನಿಂತೆವು. ನೀವು ಬಾಗಿಲನ್ನೇ ನೋಡುತ್ತಿದ್ದಿರಿ. ಆಮೇಲೆ ಬಾಗಿಲು ತೆರೆದು ಅವರೇ ಹೇಳಿದರು: "ಆತು. ಎಲ್ಲಾ ಹೇಳೀನಿ. ಇನ್ನ ಚಾ ಕುಡೀರಿ."

ಮರುದಿನ ಸಂಜೆ ಎಲ್ಲರ ಕ್ಯಾಸೆಟ್ಟುಗಳನ್ನೂ ಒಟ್ಟಿಗೆ ಟೀವಿಯಲ್ಲಿ ನೋಡುವುದೆಂದು ಸರ್ ಹೇಳಿದ್ದರು. ಅಲ್ಲಿಯವರೆಗೆ ತಡೆಯುತ್ತೇನೆ ಎಂದಿರಿ ನೀವು. ಆದರೆ ನನ್ನದು ಮದುವೆಯ ಚಟ — ತೆಗೆದ ಕೂಡಲೇ ಹಿಂದೆ ಸುತ್ತಿ ನೋಡಬೇಕು. ನಮ್ಮ ಕಡೆ ಅಕ್ಕಿಕಾಳು ಬಿದ್ದ ಗಳಿಗೆಗೇ ಬೀಗರು "ಎಲ್ಲಿ, ತೋರ್ಸ್ರಿ" ಎಂದು ಕೊರಳಿಗೆ ಬೀಳುತ್ತಾರೆ. ಹಾಗಾಗಿ ಕೈಗೆ ಅಂಟಿದ ರೂಢಿ. ಧರ್ಮಶಾಲೆಗೆ ಬಂದವನೇ ಮೂಲೆಯಲ್ಲಿ ಕೂತು ಕಿವಿಗೆ ವೈರು ಸಿಕ್ಕಿಸಿಕೊಂಡು, ಕ್ಯಾಮೆರಾದ ಕಿಂಡಿಯಲ್ಲಿ ನಿಮ್ಮ ಅವ್ವನನ್ನು ನೋಡಿದೆ. ಪೂರ್ತಿ. ಮಗಳಿಗೆ ಹೇಳಲಾಗದ್ದನ್ನು ಮಗಳಿಗಿಂತ ಮೊದಲು ನಾನು ಕೇಳಿದೆ. ಅದೇ ಮೊದಲ ತಪ್ಪು.

ನಾನು ಸಾವಿರಾರು ಮಾರಿ ತೆಗೆದವನು. ಅಂಥದ್ದನ್ನು ಒಂದೂ — ಒಂದೂ ತೆಗೆದಿರಲಿಲ್ಲ. ಜೂಮ್ ಇಲ್ಲ, ಏನಿಲ್ಲ. ಇನ್ನೊಮ್ಮೆ ನೋಡಬೇಕೆನ್ನಿಸಿ ಹಿಂದೆ ಸುತ್ತಿದೆ. ಅಷ್ಟರಲ್ಲಿ ಊಟಕ್ಕೆ ಕರೆದರು. ಕ್ಯಾಮೆರಾ ಬಂದ್ ಮಾಡಿ ಎದ್ದೆ. ಕ್ಯಾಸೆಟ್ ಅಲ್ಲಿಯೇ ನಿಂತಿತು, ಅವ್ವನ ಮೊದಲ ಮಾತಿನ ಹತ್ತಿರ.

ಮರುದಿನ ಮುಂಜಾನೆ ನಾನೊಬ್ಬನೇ ಭೋಜದ ಗಾಣಕ್ಕೆ ಹೋಗಿ, ಅದೇ ಕ್ಯಾಮೆರಾ ಹೆಗಲಿಗೇರಿಸಿ ಬಟನ್ ಒತ್ತಿದೆ. ಕೊಪ್ಪರಿಗೆ ಕುದಿಯುವುದನ್ನು ಬಿಡದೆ ತೆಗೆದೆ. ನನ್ನ ಕೈ ಎಂಥದ್ದೆಂದು ಆ ಸರ್‌ಗೆ ತೋರಿಸಬೇಕಿತ್ತಲ್ಲ. ಬೆಲ್ಲ ಇಳಿಸಿದ ಮೇಲೆ ಗಾಣದವರು ಸುತ್ತುವರಿದರು.

"ಏ ಫೋಟೋದಂವಾ, ನಮ್ಮ ಮಾರಿ ಹೆಂಗ ಬಂದಾವು ತೋರ್ಸಲೇ! ಇಲ್ಲಂದ್ರ ಬೆಲ್ಲ ಸಿಗಂಗಿಲ್ಲ ನೋಡ."

"ಎಮ್ಮಿ ಮಾರಿ ಹೆಂಗ ಬರತೈತೋ ಮಾರಾಯಾ? ಎಮ್ಮಿ ಹಂಗ ಬರತೈತಿ!" ಎಂದೆ.

ನಗುತ್ತ ಹಿಂದೆ ಸುತ್ತಿ ಕಿಂಡಿಗೆ ಕಣ್ಣು ಹಚ್ಚಿದೆ. ನಾನು ಮೊದಲು ತೆಗೆದ ಶಾಟುಗಳು, ಅದರ ಬೆನ್ನಿಗೇ ಕೊಪ್ಪರಿಗೆ. ನಡುವೆ ಹೌಸಾಬಾಯಿ ಇಲ್ಲ. ಮುಂದೆ ಸುತ್ತಿದೆ, ಹಿಂದೆ ಸುತ್ತಿದೆ. ಬರೀ ಬೆಲ್ಲದ ನೊರೆ. ಕೈಯಲ್ಲಿ ಕೊಟ್ಟ ಬಿಸಿ ಬೆಲ್ಲವನ್ನು ನೆಲಕ್ಕೆ ಹಾಕಿದೆ.

ಕ್ಯಾಸೆಟ್ ಮುಂದೆ ಸುತ್ತಿಕೊಳ್ಳುವುದನ್ನು ಮರೆತೆ, ಅದಕ್ಕೇ ಅವ್ವನ ಮಾತಿನ ಮೇಲೆ ಬೆಲ್ಲ ಕೂತಿತು ಎಂದು ಎಷ್ಟೋ ಸಲ ನನಗೇ ಹೇಳಿಕೊಂಡಿದ್ದೇನೆ. ಇಷ್ಟು ವರ್ಷದ ಕೆಲಸದಲ್ಲಿ ಒಂದು ಮದುವೆಯಲ್ಲೂ ಹಾಗೆ ಮರೆತವನಲ್ಲ ನಾನು. ಹಾಗಾದರೆ ಅಂದು — ಗೊತ್ತಿಲ್ಲ. ಹುಡುಕಿದರೂ ತಳ ಸಿಗುವುದಿಲ್ಲ. ಮರೆವನ್ನು ಮರೆವೆಂದೇ ಬಿಡೋಣ. ಮುಂದಿನದು ಮರೆವಲ್ಲ.

ಸಂಜೆ ಟೀವಿಯ ಮುಂದೆ ನೀವು ಎಲ್ಲರಿಗಿಂತ ಮುಂದೆ ಕೂತಿದ್ದಿರಿ. ಬೆಲ್ಲ ಬಂತು, ಬೆಲ್ಲ ಮುಗಿಯಿತು, ಖಾಲಿ ಪರದೆಯ ಮೇಲೆ ಚುಕ್ಕಿಗಳು ಕುಣಿದವು. ನೀವು ತಿರುಗಿ ನನ್ನನ್ನು ನೋಡಿದಿರಿ.

"ದಾದಾ, ಅವ್ವಂದೆಲ್ಲಿ?"

ಎಲ್ಲರೂ ನನ್ನತ್ತ ನೋಡಿದರು. ಮದುವೆ ಮನೆಯವನು ಎಂದು ನಕ್ಕಿದ್ದ ಅದೇ ಜನ. 'ನನ್ನಿಂದ ಅಳಿಸಿಹೋಯಿತು' — ಅಷ್ಟೇ ಹೇಳಬೇಕಿತ್ತು. ಹೇಳಲಿಲ್ಲ.

"ನೀವು ಬಟನ್ ಒತ್ತಿರಲಿಲ್ಲ ಕಾಣತೈತ್ರಿ," ಎಂದೆ.

"ಒತ್ತಿದ್ನೆಲ್ರೀ... ಕೆಂಪು ದೀಪ ನೋಡಿದ್ದೆ..."

"ಎರಡ ಸಲ ಒತ್ತೀರಿ. ಹೊಸಬರಿಗೆ ಹಂಗ ಆಗತೈತಿ."

ಮಷೀನಿನ ವಿಷಯ, ಅಲ್ಲಿ ನನ್ನ ಮಾತಿಗೆ ಎದುರಾಡುವವರು ಯಾರು? ಇಡೀ ಶಿಬಿರದಲ್ಲಿ ನನ್ನ ಕಸುಬಿಗೆ ಬೆಲೆ ಸಿಕ್ಕಿದ್ದು ಆ ಒಂದು ಗಳಿಗೆಯಲ್ಲಿ. ಅದನ್ನು ಖರ್ಚು ಮಾಡಿದ್ದು ಹೀಗೆ. "ಹೋಗಲಿ ಬಿಡಮ್ಮ, ನಾಳೆ ಇನ್ನೊಂದು ಸಲ ತೆಗೆದರಾಯ್ತು," ಎಂದರು ಸರ್.

ಮರುದಿನ ನೀವು ಬಂದಿರಿ. ಅವ್ವ ಒಪ್ಪಲಿಲ್ಲ ಎಂದಿರಿ. ಅವರು ಆಡಿದ ಮಾತನ್ನು ಹಾಗೆಯೇ ಹೇಳಿದಿರಿ: "ಮಷೀನಿಗೂ ನನ್ನ ಮಾತು ಬ್ಯಾಡಾತೇನ? ಹೋಗ್ಲಿ ಬಿಡವ್ವ. ಒಮ್ಮೆ ಹೇಳಿ ಹಗುರ ಆಗೀನಿ, ಮತ್ತ ಹೊರಾಕ ಹಚ್ಚಬ್ಯಾಡ."

ಆಗಲಾದರೂ ಬಾಯಿ ತೆರೆಯಬಹುದಿತ್ತು. ಅವರು ಏನು ಹೇಳಿದರೆಂದು ಈ ಲೋಕದಲ್ಲಿ ಅವರನ್ನು ಬಿಟ್ಟರೆ ನನಗೊಬ್ಬನಿಗೆ ಗೊತ್ತಿತ್ತು. ಆದರೆ ಹೇಳಿದರೆ ನಾನು ನೋಡಿದ್ದು ಬಯಲಾಗುತ್ತಿತ್ತು. ಕಡೆಯ ದಿನ ನನ್ನ ಬೆಲ್ಲದ ಸಿನಿಮಾಕ್ಕೆ ಜನ ಚಪ್ಪಾಳೆ ತಟ್ಟಿದರು. ನೀವೂ ತಟ್ಟಿದಿರಿ.

ಕೆಲವು ವರ್ಷಗಳ ಮೇಲೆ ನಿಪ್ಪಾಣಿಯ ಒಂದು ಮದುವೆಯಲ್ಲಿ ನೀವು ಸಿಕ್ಕಿರಿ. ಊಟಕ್ಕೆ ಏಳಬೇಕಿತ್ತು, ಒಂದು ಗಳಿಗೆ ಕ್ಯಾಮೆರಾ ಹಿಡಿಯಿರಿ ಎಂದೆ. ಎರಡೂ ಕೈ ಹಿಂದಕ್ಕೆ ಎಳೆದುಕೊಂಡಿರಿ. "ಬ್ಯಾಡ್ರಿ ದಾದಾ. ನನ್ನ ಕೈಗೆ ಮಷೀನ ಬರಂಗಿಲ್ಲ. ನಿಮಗ ಗೊತ್ತೈತೆಲ್ಲ," ಎಂದು ನಕ್ಕಿರಿ. ಅವ್ವ ಹೇಗಿದ್ದಾರೆ ಎಂದೆ. ಹೋಗಿ ವರ್ಷವಾಯಿತು ಎಂದಿರಿ. "ಯಾಕ ಬರಲಿಲ್ಲ ಅಂತ ಕಡೀತನಾ ತಿಳೀಲಿಲ್ರಿ." ಅಂದು ಊಟದ ಪಂಕ್ತಿಯಲ್ಲಿ ಕೂತವನು ಅರ್ಧಕ್ಕೇ ಎದ್ದೆ. ಎದ್ದವನು ನಿಮ್ಮ ಹತ್ತಿರ ಬರಲಿಲ್ಲ. ಹಿಂದಿನ ಬಾಗಿಲಿನಿಂದ ಹೋದೆ.

ಈಗ ಕೇಳಿ. ಮಷೀನಿಗೆ ನಿಮ್ಮ ಅವ್ವನ ಮಾತು ಬೇಡವಾಗಿರಲಿಲ್ಲ. ನೀವು ಕೂರಿಸಿದ ಚೌಕಟ್ಟಿನಲ್ಲಿ ಅವರು ಗೋಡೆಗೆ ಒರಗಿ, ಸೆರಗಿನ ಧೂಳು ಕೊಡವುತ್ತ ಹೇಳಿದ್ದು ಇದು:

"ನೀ ಸಣ್ಣಾಕಿದ್ದಾಗ ಒಮ್ಮೆ ಗ್ಯಾದರಿಂಗಿಗೆ ವಖಾರದಿಂದ ನೆಟ್ಟಗ ಬಂದಿದ್ನೆವ್ವ. ಹೆಣಮಕ್ಕಳ ನಡುವ ಕುಂತೆ. ನನ್ನ ಸೀರಿ ಧೂಳಕ ಎಲ್ಲಾರೂ ಸೀನಾಕ ಹತ್ತಿದ್ರು, ಮೂಗ ಮುಚಗೊಂಡು ಸರದು ಕುಂತ್ರು. ನೀ ಸ್ಟೇಜಿನ ಮ್ಯಾಲಿಂದ ನೋಡಿ ತಲಿ ಕೆಳಗ ಹಾಕಿದಿ. ನಿನ್ನ ತಪ್ಪಲ್ಲ ಬಾಳಾ, ಕೂಸು ನೀ, ನಿನಗ ನೆನಪೂ ಇರಲಿಕ್ಕಿಲ್ಲ. ಆದ್ರ ನಾ ನೋಡಿದೆ. ಆಮ್ಯಾಲ ವರ್ಷಾ ವರ್ಷಾ ಬಂದೀನಿ. ಸಾಲಿ ಹಿಂದಿನ ಗ್ವಾಡಿಗೆ ನಿಂತು ನಿನ್ನ ಹಾಡ ಕೇಳೀನಿ. ಭಾಷಣದಾಗ ನೀ ನಡುವ ಮರತ ನಿಂತಾಗ ನನ್ನ ಜೀವ ಬಾಯಿಗೆ ಬಂದಿತ್ತು. ನಾ ಒಳಗ ಬಂದಿಲ್ಲ, ಅಷ್ಟ. ಬಂದಿಲ್ಲ ಅನಬ್ಯಾಡ."

ಇಷ್ಟು. ಮಾತು ನನ್ನ ನೆನಪಿನಲ್ಲಿ ಉಳಿಯಿತು, ದನಿಯನ್ನು ತಂದುಕೊಡಲಾರೆ. ಅದನ್ನು ನಾನೇ ಬೆಲ್ಲದ ನೊರೆಯಲ್ಲಿ ಮುಳುಗಿಸಿದೆ. ಕ್ಷಮೆ ಕೇಳಲು ಬರೆದದ್ದಲ್ಲ ಇದು, ಕೇಳುವ ಮುಖವೂ ನನಗಿಲ್ಲ. ಇದು ಅಚ್ಚಾದ ಮೇಲೆ ನಿಪ್ಪಾಣಿಗೆ ಬರುತ್ತೇನೆ. ನಿಮ್ಮ ಓಣಿಯ ನಳದ ಹತ್ತಿರ, ಅಂದು ನಾವಿಬ್ಬರೂ ನಿಂತ ಜಾಗದಲ್ಲೇ ನಿಲ್ಲುತ್ತೇನೆ. ಬಾಗಿಲು ತೆರೆಯುವುದು, ಬಿಡುವುದು ನಿಮ್ಮ ಇಚ್ಛೆ.