ವಾಣಿ ಮೇಡಂ ಹೇಳಬೇಕಿದ್ದ ಹೆಸರು

ರಾಗಿ ಅಂಬಲಿಯನ್ನು ಬಟ್ಟೆಯಲ್ಲಿ ಸೋಸಿ ವಾಣಿ ಲೋಟಕ್ಕೆ ಸ್ಟ್ರಾ ಹಾಕಿದಳು. ಗಂಡ ಧರ್ಮನ ಮುರಿದ ದವಡೆಗೆ ಹಾಸನದ ಡಾಕ್ಟರು ತಂತಿ ಬಿಗಿದಿದ್ದಾರೆ. ನಾಲ್ಕು ಗುಟುಕು ಎಳೆದು ಅವನು ಸಾಕೆಂದು ಕೈಯಾಡಿಸಿದ. ಲೋಟ ತೊಳೆದಿಟ್ಟು ಅವಳು ಬೆಳಗೋಡಿನ ಬಸ್ ಹಿಡಿಯಲು ಹೊರಟಳು. ಆವತ್ತು ಹೋಗಬೇಕಿದ್ದದ್ದು ಕಾಲೇಜಿಗಲ್ಲ, ಪೊಲೀಸ್ ಠಾಣೆಗೆ.

ವಾಣಿ ಸಕಲೇಶಪುರದ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರದ ಅತಿಥಿ ಉಪನ್ಯಾಸಕಿ. ಧರ್ಮ ಅರಣ್ಯ ಇಲಾಖೆಗೆ ಆನೆಗಳ ಜಾಡು ನೋಡುವ ದಿನಗೂಲಿ ಕಾವಲುಗಾರ. ಬೆಳಗಾಗುತ್ತಲೇ ಲದ್ದಿ, ಹೆಜ್ಜೆ ನೋಡಿ, ಆನೆ ಯಾವ ತೋಟ ಹೊಕ್ಕಿದೆಯೆಂದು ಅಕ್ಕಪಕ್ಕದವರಿಗೆ ಫೋನ್ ಮಾಡಿ ಎಚ್ಚರಿಸುವುದು ಅವನ ಕೆಲಸ.

ಕಾಫಿ ಕುಯ್ಲು ಶುರುವಾಗುವ ಮುಂಚೆ ವಾಣಿ ಬಿ.ಎ. ತರಗತಿಯ ಬೋರ್ಡಿನ ಮೇಲೆ ‘ಓಕ್ಲೋಕ್ರಸಿ’ ಎಂದು ಬರೆದಿದ್ದಳು. ಗ್ರೀಕರ ಮಾತು. ಓಕ್ಲೋಸ್ ಎಂದರೆ ಗುಂಪು, ದೊಂಬಿ. ಕ್ರಾಟೋಸ್ ಎಂದರೆ ಬಲ, ಅಧಿಕಾರ. ಡೆಮೋಸ್, ಅಂದರೆ ಜನರ ಕೈಯಲ್ಲಿ ಅದೇ ಕ್ರಾಟೋಸ್ ಇದ್ದರೆ ಡೆಮಾಕ್ರಸಿ. ಪ್ರಜಾಪ್ರಭುತ್ವ ಕೆಟ್ಟರೆ ಗುಂಪಿನ ಆಳ್ವಿಕೆಯಾಗುತ್ತದೆ ಎಂದು ಎರಡು ಸಾವಿರ ವರ್ಷಕ್ಕೂ ಹಿಂದೆ ಅಲ್ಲಿನ ಇತಿಹಾಸಕಾರನೊಬ್ಬ ಬರೆದಿಟ್ಟಿದ್ದಾನೆ. ಹಾಗಾದರೆ ಜನ ಯಾರು, ಗುಂಪು ಯಾರು ಎಂದು ಅವಳು ಕೇಳಿದಳು.

ಹಿಂದಿನ ಬೆಂಚಿನ ನವೀನ್‌ಕುಮಾರ್ ಕೂತಲ್ಲಿಂದಲೇ ಹೇಳಿದ: “ನಾವು ಸೇರಿದ್ರೆ ಜನ ಮೇಡಂ, ಅವ್ರು ಸೇರಿದ್ರೆ ಗುಂಪು.”

ಕ್ಲಾಸೆಲ್ಲ ನಕ್ಕಿತು. ವಾಣಿಯೂ ನಕ್ಕಳು. ಅವಳಿಗೆ ಅವನೆಂದರೆ ಇಷ್ಟ. ಅವನ ತಾಯಿ ನಂಜಮ್ಮ ತೋಟದ ಕೂಲಿ ಮಾಡಿ ಅವನನ್ನು ಓದಿಸುತ್ತಿದ್ದಳು.

ಜನವರಿಯ ಒಂದು ಬೆಳಿಗ್ಗೆ ನಂಜಮ್ಮ ಕುಯ್ಯುತ್ತಿದ್ದ ತೋಟಕ್ಕೇ ಒಂಟಿ ಸಲಗ ನುಗ್ಗಿತು. ಧರ್ಮ ಅವಳಿಗೆ ಮೇಲಿಂದ ಮೇಲೆ ಫೋನ್ ಮಾಡಿದ. ಕುಯ್ಲಿಗೆ ಹೋದ ಹೆಂಗಸರು, ಗಿಡದ ಇಬ್ಬನಿಗೆ ಮೊಬೈಲ್ ನೆನೆಯುತ್ತದೆಂದು, ಬುತ್ತಿಯ ಚೀಲದಲ್ಲೇ ಇಟ್ಟು ಸಾಲಿನ ಕೊನೆಯ ಸಿಲ್ವರ್ ಮರಕ್ಕೆ ನೇತುಹಾಕುತ್ತಾರೆ. ಫೋನ್ ಮರದಲ್ಲೇ ಬಡಿದುಕೊಂಡಿತು. ನಂಜಮ್ಮ ಸತ್ತಳು.

ಆನೆ ತುಳಿದು ಯಾರಾದರೂ ಸತ್ತರೆ ದೊಡ್ಡ ಅಧಿಕಾರಿ ಬರುವ ತನಕ ಊರಿನವರು ಹೆಣ ಎತ್ತಲು ಬಿಡುವುದಿಲ್ಲ. ಅಲ್ಲಿಯವರೆಗೆ ಕೈಗೆ ಸಿಕ್ಕ ಇಲಾಖೆಯವನನ್ನೂ ಬಿಡುವುದಿಲ್ಲ. ಹಿಂದೆ ಎರಡು ಸಲ ಹಾಗೆ ಸಿಕ್ಕಿಬಿದ್ದಾಗ ಧರ್ಮನಿಗೆ ಟೀ ಕೊಟ್ಟು ಕೂರಿಸಿಕೊಂಡಿದ್ದರು. ಈ ಸಲವೂ ಅಷ್ಟೇ ಅಂದುಕೊಂಡು ತಾನಾಗಿಯೇ ಹೋದ. ಫೋನೇ ಮಾಡಲಿಲ್ಲವೆಂದು ಯಾರೋ ಕೂಗಿದರು. ಮಾಡಿದೆ, ಬೇಕಾದರೆ ಅವಳ ಮೊಬೈಲ್ ನೋಡಿ ಎಂದ. ಮರದಿಂದ ಯಾರೋ ಇಳಿಸಿ ತಂದಿದ್ದ ಚೀಲ ಹೆಣದ ಪಕ್ಕದಲ್ಲೇ ಇತ್ತು. ಯಾರೂ ಬಿಚ್ಚಲಿಲ್ಲ.

ಯಾರು ಹೊಡೆದರೆಂದು ಧರ್ಮನಿಗೆ ತಿಳಿಯದು. ಮೊದಲ ಪೆಟ್ಟಿಗೇ ಕಣ್ಣು ಕತ್ತಲಿಟ್ಟಿತ್ತು. ಪೊಲೀಸರ ಬಳಿ ಇದ್ದ ವಿಡಿಯೊದಲ್ಲಿ ಹೆಚ್ಚಿನವರ ಬೆನ್ನಷ್ಟೇ ಕಾಣುತ್ತಿತ್ತು. ಮುಖ ಸ್ಪಷ್ಟವಾಗಿ ಸಿಕ್ಕಿದ್ದು ಕೂಲಿಯವರನ್ನು ಸಾಗಿಸುವ ಪಿಕಪ್‌ನ ಡ್ರೈವರ್ ಜಾಹಿದ್‌ನದು. ಧರ್ಮನನ್ನು ಎಳೆದಾಡಿದವನೆಂದು ಅವನನ್ನೇ ಒಳಗೆ ಹಾಕಿದರು. ಅವನ ಹೆಂಡತಿ ಫಹಮೀದಾ ವಾಣಿಯ ಮನೆಗೆ ಬಂದು, ಒಳಗೆ ಕರೆದರೂ ಬಾರದೆ ಗೇಟಿನಲ್ಲೇ ನಿಂತಳು. “ಅಕ್ಕ, ನಮ್ಮನೆಯವ್ರು ನಿಮ್ಮನೆಯವರನ್ನ ಗಾಡಿಗೆ ಹಾಕ್ಕೊಂಡು ಆಸ್ಪತ್ರೆಗೆ ಹೋಗೋಣ ಅಂತ ಎತ್ತಿದ್ರು. ನೀವಾದ್ರೂ ಹೇಳಿ.”

ಮರುದಿನವೇ ವಾಣಿ ಠಾಣೆಗೆ ಹೋಗಿ ವಿಡಿಯೊ ನೋಡಿದಳು. ಜಾಹಿದ್‌ನ ಎರಡೂ ಕೈ ಧರ್ಮನ ಕಂಕುಳಡಿಯಲ್ಲಿದ್ದವು. ಅದಕ್ಕೂ ಮುಂಚೆ, ಕಾಲೇಜಿನ ಕ್ರೀಡಾಕೂಟದ ಟೀ ಶರ್ಟ್ ತೊಟ್ಟ ಒಂದು ಬೆನ್ನು ಎಡಗೈಯಲ್ಲಿ ದೊಣ್ಣೆ ಎತ್ತಿತ್ತು. ಹಿಂದಿನ ಬೆಂಚಿನಲ್ಲಿ ಆ ಎಡಗೈ ಬರೆಯುವುದನ್ನು ಅವಳು ಎರಡು ವರ್ಷ ನೋಡಿದ್ದಾಳೆ. ಜಾಹಿದ್ ಅಲ್ಲ ಎಂದಳು. ಹಾಗಾದರೆ ಯಾರು ಎಂದು ಇನ್‌ಸ್ಪೆಕ್ಟರ್ ಕೇಳಿದರು. ನಾಳೆ ಬರುತ್ತೇನೆಂದು ಎದ್ದು ಬಂದಳು.

ಮನೆಯಲ್ಲಿ ಅವಳಿಂದ ವಿಷಯ ಕೇಳಿದ ಧರ್ಮ ಹಲ್ಲು ಬಿಡಿಸದೆ ಹೇಳಿದ: “ಅವ್ನ ಅವ್ವ ಸತ್ತು ಮಲಗಿದ್ಳು ಕಣೇ. ಬುಟ್ಬುಡು.”

“ಬುಟ್ರೆ ಆ ಡ್ರೈವರ್ ಹೋಯ್ತಾನೆ ಜೈಲಿಗೆ.”

ಅವನು ಗೋಡೆಯ ಕಡೆ ತಿರುಗಿ ಮಲಗಿದ.

ಅಂಬಲಿ ಕುಡಿಸಿ ಹೊರಟ ಆ ಬೆಳಿಗ್ಗೆ ವಾಣಿ ಠಾಣೆಯಲ್ಲಿ ನವೀನ್‌ಕುಮಾರ್‌ನ ಹೆಸರು ಹೇಳಿದಳು. ತಾಯಿಯ ಹನ್ನೊಂದನೇ ದಿನದ ಕಾರ್ಯ ಮುಗಿಸಿದ್ದ ಅವನು ಬೋಳಿಸಿದ ತಲೆಯಲ್ಲೇ ಜೀಪ್ ಹತ್ತಿದ. ಜಾಹಿದ್ ಮನೆಗೆ ಬಂದ. ಅವನ ಪಿಕಪ್‌ಗೆ ನವೀನ್‌ಕುಮಾರ್‌ನ ಊರಿನವರು ಈಗ ಹತ್ತುವುದಿಲ್ಲ. ವಾಣಿಯ ತರಗತಿಯಲ್ಲಿ ಹಿಂದಿನ ಎರಡು ಬೆಂಚು ಖಾಲಿ. ಬಸ್ಸಿನಲ್ಲಿ ಪರಿಚಯದ ಹೆಂಗಸರು ಅವಳ ಪಕ್ಕ ಕೂರದೆ ಕಂಬಿ ಹಿಡಿದು ನಿಲ್ಲುತ್ತಾರೆ.

ಬುಧವಾರ ಹಾಸನದ ನ್ಯಾಯಾಲಯದಲ್ಲಿ ನವೀನ್‌ಕುಮಾರ್‌ನ ಜಾಮೀನು ಅರ್ಜಿ ವಿಚಾರಣೆಗೆ ಬರುತ್ತದೆ.