ನರಗುಂದಕ್ಕೆ ಹೋಗಿಬಂದ ಬಲಗಾಲು

ಬೆಳಿಗ್ಗೆ ಗಜೇಂದ್ರಗಡದಿಂದ ಬಸ್ಸು ಹತ್ತಿದೆವು. ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದಾಗಿನಿಂದ ನಮ್ಮ ಮನೆಯವರ ಬಲಪಾದ ಮೇಲೇಳುತ್ತಿರಲಿಲ್ಲ, ನೆಲ ಕೆರೆಯುತ್ತಲೇ ಬರುತ್ತಿತ್ತು. ಅದು ಎದ್ದರೆ ಮಾತ್ರ ಇವರು ಮತ್ತೆ ಸೀರೆ ನೇಯಲು, ಗುಂಡಿಯಲ್ಲಿ ಕಾಲಿಳಿಸಿ ತುಳಿಯುವ ಕುಣಿಮಗ್ಗಕ್ಕೆ ಇಳಿಯಬಹುದು. ಮಗ್ಗವಿಲ್ಲದೆ ಈ ಮನುಷ್ಯ ಮನೆಯಲ್ಲಿ ಯಾರನ್ನೂ ಸುಮ್ಮನಿರಗೊಡುವುದಿಲ್ಲ. ಸಾರಿಗೆ ಉಪ್ಪೆಷ್ಟು ಎಂಬುದನ್ನೂ ನನಗೇ ಕಲಿಸತೊಡಗಿದ್ದರು!

ಬಸ್ಸಿನಲ್ಲಿ ನನಗೆ ಪುಕ್ಕಟೆ, ಇವರಿಗೆ ಟಿಕೆಟ್ಟು. "ಕಾಲ ಎಳಕೊಂಡ ಹೋಗಾಂವ ನಾ, ಪುಕ್ಕಟ ಹೋಗಾಕಿ ನೀ" ಎಂದು ಗೊಣಗಿದರು. ರೋಣದಲ್ಲಿ ಬಸ್ಸು ಬದಲಿಸುವಾಗ ಗಿರ್ಮಿಟ್ಟು, ಬಿಸಿ ಮಿರ್ಚಿ ತಿಂದ ಮೇಲೆ ಸಿಟ್ಟು ಇಳಿಯಿತು. ಮೋಡ ಕವಿದಿತ್ತು, ಕರಿ ಹೊಲಗಳಲ್ಲಿ ಹೆಸರು ಹೂಬಿಟ್ಟಿತ್ತು.

ನರಗುಂದದ ದವಾಖಾನೆಯಲ್ಲಿ ನಡಿಗೆ ಕಲಿಸುವ ಮೇಡಂ ಇವರನ್ನು ಎರಡು ಕಂಬಿಗಳ ನಡುವೆ ನಿಲ್ಲಿಸಿದರು. ಇವರೋ, ಚಪ್ಪಲಿ ಬಿಟ್ಟು ಕಂಬಿಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು! ಮಗ್ಗಕ್ಕೆ ಕೂರುವ ಮುಂಚೆ ಹಾಗೆ ಮಾಡುವುದು ನಮ್ಮ ರೂಢಿ. ಮೇಡಂ ನಗುತ್ತಲೇ ಮೊಣಕಾಲ ಕೆಳಗೆ ಪಟ್ಟಿ ಅಂಟಿಸಿ ಸಣ್ಣ ಕರೆಂಟು ಬಿಟ್ಟರು. ಪಾದ ಚಂಗನೆ ಎದ್ದಿತು. ಎದ್ದದ್ದೇ ತಡ, ಇವರು ಧಪ್ಪನೆ ತುಳಿದರು. ಇಷ್ಟು ವರ್ಷ ಮಗ್ಗದ ಕಾಲುಹಲಗೆ ತುಳಿದ ಚಟ ಬಿಡಬೇಕಲ್ಲ.

"ತುಳೀಬ್ಯಾಡ್ರಿ ಕಾಕಾ. ಎಡಗಾಲ ಮ್ಯಾಲ ಭಾರ ಹಾಕ್ರಿ, ಬಲಗಾಲ ಎತ್ರಿ" ಎಂದು ಮೇಡಂ ಎಷ್ಟು ಹೇಳಿದರೂ ಮತ್ತೆ ಧಪ್.

ನನಗೆ ತಡೆಯಲಾಗಲಿಲ್ಲ. "ಮಗ್ಗದಾಗ ಎಡಗಡೆ ತುಳದ್ರ ಬಲಗಡೆ ಹಲಗಿ ತಾನ ಏಳಂಗಿಲ್ಲೇನ್ರಿ? ಹಂಗ ನಡೀರಿ!"

"ಇದನ್ನ ಮೊದಲ ಹೇಳಾಕ ಏನ ಧಾಡಿ ನಿನಗ?" ಎಂದು ನನ್ನ ಮೇಲೇ ರೇಗಿ, ಎಡಗಾಲು ಊರಿದರು. ಬಲಗಾಲು ಎದ್ದಿತು. ಆ ತುದಿ ಮುಟ್ಟಿ ತಿರುಗಿದಾಗ ಮೇಡಂ ನನ್ನತ್ತ ಕಣ್ಣು ಮಿಟುಕಿಸಿ ಕರೆಂಟು ನಿಲ್ಲಿಸಿಬಿಟ್ಟರು. ಈ ಮಹಾಶಯರಿಗೆ ಗೊತ್ತೇ ಆಗಲಿಲ್ಲ. ಪಾದ ಎತ್ತಿಡುತ್ತಲೇ ನಡೆದು ಬಂದು, "ಮೇಡಂ, ಈ ಸಲ ಕರೆಂಟ್ ಭಾಳ ಚಲೋ ಬಿಟ್ರಿ" ಎಂದರು. ನನಗೆ ನಗು, ಅಳು ಒಟ್ಟಿಗೇ ಬಂದವು.

"ಇನ್ನೊಂದೀಟ ದಿನ ಬರ್ರಿ, ಆಮ್ಯಾಲ ಮಗ್ಗಕ್ಕ ಇಳೀರಿ" ಎಂದು ಮೇಡಂ ಕಳಿಸಿಕೊಟ್ಟರು.

ಸಂಜೆ ಊರಿಗೆ ಬಂದಿಳಿದಾಗ ಇವರು ಆಟೋ ಬೇಡವೆಂದು, ನನ್ನ ತೋಳನ್ನೂ ಹಿಡಿಯದೆ, ನಿಧಾನವಾಗಿ ಮನೆತನಕ ನಡೆದರು. ಅತ್ತೆ ಒಳಗೆ ರೊಟ್ಟಿ ಬಡಿಯುತ್ತಿದ್ದರು. ಕಾಲು ನೆಲ ಕೆರೆಯುವ ಸದ್ದು ಕೇಳಿಯೇ ಮಗ ಬಂದನೆಂದು ಅವರಿಗೆ ತಿಳಿಯುತ್ತಿತ್ತು. ಈ ಸಲ ಬರೀ ಹೆಜ್ಜೆಯ ಸದ್ದು ಕೇಳಿ, ಬಡಿಯುವುದು ನಿಲ್ಲಿಸಿ ಕೂಗಿದರು:

"ಯಾರ್ರೀ ಬಂದವರು?"

ಇವರು ಹೊಸ್ತಿಲಲ್ಲೇ ನಿಂತುಬಿಟ್ಟರು. ಆಮೇಲೆ ಮೆಲ್ಲಗೆ, "ನಾ ಬೇ ಯವ್ವಾ... ನಿನ್ನ ಮಗ" ಎಂದರು.