ಕುಸುಮಕ್ಕನ ಬೈಗುಳಕ್ಕೆ ಬಿದ್ದ ಬೀಗ

ಬಣಕಲ್ಲಿನ ಕುಸುಮಕ್ಕನ ದನಿ ಎಷ್ಟು ಮೆತ್ತಗೆ ಎಂದರೆ, ಅವಳು ಕರೆದರೆ ಅವಳ ಮನೆಯ ಹಸುವೇ ತಿರುಗಿ ನೋಡುತ್ತಿರಲಿಲ್ಲ. "ಬಾರೇ ಗೌರಿ, ಹೊತ್ತಾಯ್ತು, ಬಾರಮ್ಮ" ಎಂದು ಅವಳು ಬೇಲಿಯ ಹತ್ತಿರ ನಿಂತು ಅರ್ಧ ಗಂಟೆ ಬೇಡಿಕೊಳ್ಳುವುದು, ಗೌರಿ ಮೇಯುವಷ್ಟು ಮೇದು ತನಗೆ ಮನಸ್ಸು ಬಂದಾಗ ಬರುವುದು. ಗಂಡ ಪುಟ್ಟಸ್ವಾಮಿಯದು ಇದಕ್ಕೆ ತದ್ವಿರುದ್ಧ. ಅವನು ಪಕ್ಕದೂರು ಕೊಟ್ಟಿಗೆಹಾರದವರ ಜೊತೆ ಮಾತಾಡುವಾಗ ಫೋನು ಬರೀ ಮರ್ಯಾದೆಗೆ ಕೈಯಲ್ಲಿರುತ್ತಿತ್ತು.

ಆದರೆ ಆ ಮೆತ್ತನೆಯ ದನಿಯೇ ಕುಸುಮಕ್ಕನ ಆಸ್ತಿ. ಮದುವೆ ಎಂದಮೇಲೆ ಗಂಡಿನ ಕಡೆಯವರಲ್ಲಿ ಒಬ್ಬರಾದರೂ ಮುನಿಸಿಕೊಳ್ಳಲೇಬೇಕು, ಇಲ್ಲದಿದ್ದರೆ ಮದುವೆಗೆ ಕಳೆಯಿಲ್ಲ. ಒಬ್ಬರಿಗೆ ಮುಂದಿನ ಸಾಲಿನ ಕುರ್ಚಿ ಸಿಕ್ಕಿರುವುದಿಲ್ಲ, ಇನ್ನೊಬ್ಬರ ಹೆಸರು ಆಮಂತ್ರಣ ಪತ್ರಿಕೆಯಲ್ಲಿ ತಮ್ಮನ ಹೆಸರಿಗಿಂತ ಕೆಳಗೆ ಬಿದ್ದಿರುತ್ತದೆ. ಊಟ ಬೇಡ ಎಂದು ಅವರು ಕಾರಿನಲ್ಲಿ ಹೋಗಿ ಕೂತ ಕೂಡಲೇ ಚಪ್ಪರದಲ್ಲಿ ಒಂದೇ ಕೂಗು: "ಕುಸುಮಕ್ಕನ್ನ ಕರೀರಿ!" ಕುಸುಮಕ್ಕ ಹೋಗಿ ಪಕ್ಕದಲ್ಲಿ ಕೂತು, "ನನಗೋಸ್ಕರ ಒಂದು ತುತ್ತು ತಿನ್ನಿ" ಎನ್ನುತ್ತಿದ್ದಳು. ಹತ್ತು ನಿಮಿಷದಲ್ಲಿ ಅದೇ ಮನುಷ್ಯ ಎಲೆ ಮುಂದೆ ಕೂತು ಎರಡನೇ ಸಲ ಪಾಯಸ ಕೇಳುತ್ತಿದ್ದ. ಮೂಡಿಗೆರೆಯಿಂದ ಚಾರ್ಮಾಡಿ ಘಾಟಿಯ ತಲೆಯವರೆಗೆ ಅವಳ ಹೆಸರು ಇದರಿಂದಲೇ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಕೈಕೊಟ್ಟವಳಿಗೆ ಬೇರೆ ಸರ್ಟಿಫಿಕೇಟು ಇರಲಿಲ್ಲ, ಬೇಕಾಗಿಯೂ ಇರಲಿಲ್ಲ.

ಈಗ ನೀವೇ ಹೇಳಿ, ಮೂವತ್ತು ವರ್ಷ ಯಾರನ್ನೂ ಬೈಯದವಳ ಬೈಗುಳ ಎಲ್ಲಿಗೆ ಹೋಗುತ್ತದೆ? ಎಲ್ಲಿಗೂ ಹೋಗುವುದಿಲ್ಲ. ಒಳಗೇ ಕೂತು ಬಲಿಯುತ್ತಿರುತ್ತದೆ. ಅದು ಹೊರಗೆ ಬಂದದ್ದು ಮಂಗಗಳ ದೆಸೆಯಿಂದ.

ಕಾಫಿ ತೋಟ ಪುಟ್ಟಸ್ವಾಮಿಯದಾದರೆ ಕಿತ್ತಳೆ ಮರಗಳು ಕುಸುಮಕ್ಕನವು. ರಸ್ತೆಯ ಗೇಟಿನಿಂದ ಅಂಗಳದವರೆಗೆ ದಾರಿಯ ಎರಡೂ ಬದಿಗೆ ಒಟ್ಟು ಇಪ್ಪತ್ತೆರಡು ಮರ. ಮಂಗಗಳು ಬರುತ್ತಿದ್ದವು, ಒಂದು ಹಣ್ಣು ಕಿತ್ತು ಒಂದೇ ತೊಳೆ ಬಾಯಿಗೆ ಹಾಕಿ ಉಳಿದದ್ದನ್ನು ಬಿಸಾಡುತ್ತಿದ್ದವು, ಮತ್ತೊಂದಕ್ಕೆ ಕೈ ಹಾಕುತ್ತಿದ್ದವು. ಒಂದನ್ನಾದರೂ ಪೂರ್ತಿ ತಿಂದಿದ್ದರೆ ಕುಸುಮಕ್ಕನಿಗೆ ಅಷ್ಟು ಸಂಕಟವಾಗುತ್ತಿರಲಿಲ್ಲ.

ಅದಕ್ಕೇ ಪುಟ್ಟಸ್ವಾಮಿ ಚಿಕ್ಕಮಗಳೂರಿನ ಕೃಷಿ ಮೇಳದಿಂದ 'ಕಪಿಕಾವಲು' ಎಂಬ ಯಂತ್ರ ತಂದ. ಹಸಿರು ಡಬ್ಬಿ, ತಲೆಯ ಮೇಲೆ ಸೋಲಾರ್ ತಟ್ಟೆ, ನಡುವೆ ಒಂದು ಕಣ್ಣು, ಕೆಳಗೆ ಸ್ಪೀಕರು. ಕಣ್ಣೆದುರು ಏನು ಅಲುಗಾಡಿದರೂ ಅದು ಕಿರುಚುತ್ತದೆ. ಹುಲಿಯ ಗರ್ಜನೆ ಬೇಕೋ, ಪಟಾಕಿ ಬೇಕೋ, ನಿಮ್ಮದೇ ದನಿ ಬೇಕೋ, ಎಲ್ಲವನ್ನೂ ಮೊಬೈಲಿನಲ್ಲೇ ಆರಿಸಬೇಕು. ಮೈಮೇಲೆ ಒಂದೇ ಒಂದು ಗುಂಡಿಯಿಲ್ಲ, ಬಂದ್ ಮಾಡುವುದಕ್ಕೂ ಇಲ್ಲ.

ಅದನ್ನು ಕಂಬಕ್ಕೆ ಕೂರಿಸಲು ಬಂದ ಕಂಪನಿಯವನು, "ಅಮ್ಮಾ, ಟೆಸ್ಟಿಂಗಿಗೆ ಏನಾದ್ರೂ ಮಾತಾಡಿ. ಮಂಗಕ್ಕೆ ಬೈದ ಹಾಗೆ" ಎಂದ. ಕುಸುಮಕ್ಕ ನಾಚಿ ನಿಂತಳು. ಅಷ್ಟರಲ್ಲಿ ಮೇಲಿನ ಕೊಂಬೆಯಿಂದ ಒಂದು ಗಡವ ಮಂಗ ಒಂದು ತೊಳೆ ತಿಂದ ಹಣ್ಣನ್ನು ಎಸೆಯಿತು. ಅದು ಬಂದು ಅವಳ ಪಾದಕ್ಕೇ ಬಡಿಯಿತು.

"ಮತ್ತೆ ಬಂದ್ಯಾ? ನಾಚ್ಕೆ ಆಗಲ್ವಾ ನಿಂಗೆ? ತಿಂದಿದ್ದು ಸಾಕಾಗ್ಲಿಲ್ವಾ? ನಡಿ ಆಚೆ! ಇನ್ನೊಂದ್ಸಲ ಈ ಕಡೆ ಮುಖ ಹಾಕಿದ್ರೆ ಕಾಲು ಮುರೀತೀನಿ!"

ಅಂಗಳದಲ್ಲಿದ್ದ ಪುಟ್ಟಸ್ವಾಮಿಯ ಕೈಯಿಂದ ಲೋಟ ಬಿತ್ತು. ಗೌರಿ ಮೇಯುವುದನ್ನು ಬಿಟ್ಟು ತಾನೇ ಕೊಟ್ಟಿಗೆಗೆ ಹೋಗಿ ನಿಂತಿತು. ಕುಸುಮಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು, "ಅಯ್ಯೋ, ಇದನ್ನ ಅಳಿಸಿ" ಎಂದಳು. "ಆಮೇಲೆ ಮೊಬೈಲಲ್ಲಿ ನೀವೇ ಬದಲಾಯಿಸ್ಕೊಳ್ಳಿ" ಎಂದು ಅವನು ಬೈಕು ಹತ್ತಿ ಹೋದ.

ಬದಲಾಯಿಸಿಯೂ ನೋಡಿದರು. ಒಂದು ವಾರ ಹುಲಿ ಗರ್ಜಿಸಿತು. ಮಂಗಗಳು ಸಾಲಾಗಿ ಕೂತು, ಹಣ್ಣು ತಿನ್ನುತ್ತಾ ಕೇಳಿದವು. ಪಟಾಕಿಗೆ ಮರಿಗಳು ಮಾತ್ರ ಸ್ವಲ್ಪ ಬೆಚ್ಚಿದವು. ಮತ್ತೆ ಕುಸುಮಕ್ಕನ ಬೈಗುಳ ಹಾಕಿದ ದಿನ ಇಡೀ ಹಿಂಡು ಪಕ್ಕದ ಎಸ್ಟೇಟು ದಾಟಿ ಓಡಿತು. ಅಲ್ಲಿಂದ ಅದೇ ಉಳಿಯಿತು. ಆದರೆ ಯಂತ್ರಕ್ಕೆ ಮಂಗ ಯಾವುದು, ಮನುಷ್ಯ ಯಾರು ಎಂಬ ಭೇದವಿರಲಿಲ್ಲ. ಪೋಸ್ಟಿನವನು ಕಾಗದಗಳನ್ನು ಗೇಟಿನ ಹೊರಗಿನಿಂದಲೇ ಎಸೆಯತೊಡಗಿದ. ಬೇರೆಯವರು ನಕ್ಕರು. ಹೇಗೂ ಬೇಕಾದಾಗ ಬದಲಾಯಿಸಬಹುದಲ್ಲ ಎಂದು ಕುಸುಮಕ್ಕನೂ ನಕ್ಕು ಸುಮ್ಮನಾದಳು.

ಮಗಳು ರೂಪಶ್ರೀಗೆ ಕಳಸದ ಅಶ್ವಿನ್ ಜೊತೆ ಸಂಬಂಧ ಕೂಡಿಬಂತು. ಭಾನುವಾರ ಗಂಡಿನ ಕಡೆಯವರು ಊಟಕ್ಕೆ ಬರುವುದೆಂದಾಯಿತು, ಜೊತೆಗೆ ಹುಡುಗನ ಅಜ್ಜಿ ಕೃಷ್ಣಮ್ಮನವರು. ಅವರು ಒಪ್ಪಿದರೆ ಕಳಸವೇ ಒಪ್ಪಿದ ಹಾಗೆ. ದನಿ ಬದಲಾಯಿಸೋಣವೆಂದು ಗುರುವಾರ ರೂಪಶ್ರೀ ಮೊಬೈಲು ತೆರೆದರೆ, ತೆರೆಯ ಮೇಲೆ ಒಂದೇ ಸಾಲು: 'ಈ ಮಾದರಿಯನ್ನು ನಿಲ್ಲಿಸಲಾಗಿದೆ. ಹೊಸ ಮಾದರಿ ಕೊಳ್ಳಿ.' ಎಲ್ಲಿ ಒತ್ತಿದರೂ ಅದೇ. ಒಳಗಿನ ಬೈಗುಳಕ್ಕೆ ಬೀಗ ಬಿದ್ದಿತ್ತು.

ಕುಸುಮಕ್ಕ ಕಂಪನಿಗೆ ಫೋನ್ ಮಾಡಿದರೆ ಒಬ್ಬ ಹುಡುಗಿ, ಅವಳಿಗಿಂತ ಮೆತ್ತಗೆ, "ಆ ಮಾಡೆಲ್ ಈಗಿಲ್ಲ ಮೇಡಂ. ಅದನ್ನ ಎಸೆದು ಹೊಸದು ತಗೊಳ್ಳಿ" ಎಂದಳು.

"ಎಸೆಯಾದು ಎಂತಕಮ್ಮಾ? ಚೆನ್ನಾಗಿದೆಯಲ್ಲ. ಅದರ ಬೀಗ ಒಂದು ತೆಗೆದುಕೊಡಿ ಸಾಕು."

"ಅದು ನಮ್ಮ ಪಾಲಿಸಿಯಲ್ಲಿಲ್ಲ ಮೇಡಂ."

ಕೊಟ್ಟಿಗೆಹಾರದ ರಿಪೇರಿ ಅಂಗಡಿಯ ಶಶಿಕಿರಣ್ ಬಂದು ಮುಚ್ಚಳ ಬಿಚ್ಚಿ, ಟಾರ್ಚು ಹಾಕಿ ನೋಡಿದ. "ಅಕ್ಕಾ, ಯಂತ್ರ ಗಟ್ಟಿಮುಟ್ಟಾಗಿದೆ, ಇನ್ನೂ ಹತ್ತು ವರ್ಷ ಆರಾಮಾಗಿ ಬೈಯುತ್ತೆ. ಬೀಗದ ನಂಬರ್ ಮಾತ್ರ ಕಂಪನಿಯವ್ರ ಹತ್ರ ಇದೆ. ಒಳಗಿಂದೆಲ್ಲಾ ಅಂಟಲ್ಲಿ ಮುಳುಗಿಸಿಟ್ಟಿದ್ದಾರೆ, ಒಂದು ವೈರ್ ಕಿತ್ತರೂ ಪೂರ್ತಿ ಕಸ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಕುಸುಮಕ್ಕ ಆಡಿದ ಮಾತು ಹೋಗಲಿಲ್ಲ ನೋಡಿ, ಅದೇ ತಾಪತ್ರಯ.

ಭಾನುವಾರ ಪುಟ್ಟಸ್ವಾಮಿ ಉಪಾಯ ಮಾಡಿದ. "ಬೀಗರಿಗೆ ಮೊದಲೇ ಫೋನ್ ಮಾಡಿ, ನಮ್ಮ ಮೆಷಿನ್ನು ನಿಮ್ಮನ್ನ ಬೈಯುತ್ತೆ ಅನ್ನಾಕಾಗುತ್ತಾ ಮಾರಾಯ್ತಿ?" ಎಂದು ಯಂತ್ರಕ್ಕೆ ಗೋಣಿಚೀಲ ತೊಡಿಸಿ ಕಟ್ಟಿದ. ಕಣ್ಣು ಮುಚ್ಚಿತು, ಬಾಯಿಯೂ ಮುಚ್ಚಿತು. ಒಂದು ಗಂಟೆ ಬೈಗುಳ ಕೇಳದೆ ಹೋದದ್ದರಿಂದ ಮಂಗಗಳು ಬಂದವು. ಅದೇ ಗಡವ ಕಂಬ ಹತ್ತಿ, ಗಂಟು ಬಿಚ್ಚಿ, ಗೋಣಿಚೀಲ ಎತ್ತಿಕೊಂಡು ಹೋಯಿತು. ಸರಿಯಾಗಿ ಅದೇ ಹೊತ್ತಿಗೆ ಹಣ್ಣು ಹೂವಿನ ತಟ್ಟೆ ಹಿಡಿದು ಎಲ್ಲರಿಗಿಂತ ಮುಂದೆ ಕೃಷ್ಣಮ್ಮನವರು ಗೇಟು ದಾಟಿದರು.

"ಮತ್ತೆ ಬಂದ್ಯಾ? ನಾಚ್ಕೆ ಆಗಲ್ವಾ ನಿಂಗೆ?"

ಎಪ್ಪತ್ತೆಂಟು ವರ್ಷದಲ್ಲಿ ಅವರಿಗೆ ಯಾರೂ ಹೀಗೆ ಹೇಳಿರಲಿಲ್ಲ. ಕಾಲು ಮುರಿಯುವ ಮಾತಿನವರೆಗೂ ನಿಂತು ಕೇಳಿ, ತಟ್ಟೆಯ ಸಮೇತ ತಿರುಗಿ ಹೋಗಿ ಜೀಪಿನಲ್ಲಿ ಕೂತರು. ಅಭ್ಯಾಸಬಲ ನೋಡಿ, ಅಂಗಳದಲ್ಲಿದ್ದವರೆಲ್ಲ ಒಟ್ಟಿಗೆ ಕೂಗಿದರು: "ಕುಸುಮಕ್ಕನ್ನ ಕರೀರಿ!"

ಕುಸುಮಕ್ಕ ಜೀಪಿನ ಹತ್ತಿರ ಹೋಗಿ, "ಅಮ್ಮಾ, ಬೇಜಾರು ಮಾಡ್ಕೋಬೇಡಿ, ನನಗೋಸ್ಕರ ಒಂದು ತುತ್ತು..." ಎಂದಳು.

"ಇದೇ ದನಿ!" ಎಂದರು ಕೃಷ್ಣಮ್ಮನವರು. "ಹುಡುಗಿ ಬಗ್ಗೆ ನಂದೇನೂ ತಕರಾರಿಲ್ಲ. ಆದ್ರೆ ಈ ಅಂಗಳಕ್ಕೆ ನಾನು ಕಾಲಿಡಲ್ಲ. ನಿಶ್ಚಿತಾರ್ಥ ನೀವೇ ಮಾಡ್ಕೊಳ್ಳಿ." ಜೀಪು ಹೊರಟಿತು. ಮಾಡಿದ ಕಡುಬು ಮಾಡಿದ ಹಾಗೇ ಉಳಿಯಿತು. ಊರವರ ಮುನಿಸನ್ನೆಲ್ಲ ಬಿಡಿಸಿದವಳಿಗೆ ತನ್ನ ಬೀಗರ ಮುನಿಸು ಬಿಡಿಸಲಾಗಲಿಲ್ಲವಲ್ಲ ಎಂದು ಕುಸುಮಕ್ಕ ಅಡುಗೆಮನೆಯಲ್ಲಿ ಕೂತು ಅತ್ತಳು. ಅಳುವುದನ್ನೂ ಮೆತ್ತಗೆ ಅತ್ತಳು.

ಹೆಂಡತಿಯ ಅಳು ನೋಡಲಾಗದೆ ಪುಟ್ಟಸ್ವಾಮಿ ಸುತ್ತಿಗೆ ತಗೊಂಡು ಹೋದ. ಎತ್ತಿದ ಕೂಡಲೇ, "ನಾಚ್ಕೆ ಆಗಲ್ವಾ ನಿಂಗೆ?" ಮೂವತ್ತು ವರ್ಷದ ಸಂಸಾರದಲ್ಲಿ ಹೆಂಡತಿಯಿಂದ ಒಂದು ಮಾತು ಬೈಸಿಕೊಳ್ಳದ ಗಂಡಸು ಅವನು. ಸುತ್ತಿಗೆ ಕೆಳಗಿಟ್ಟು, "ಇಲ್ಲ ಕಣೇ" ಎಂದುಬಿಟ್ಟ. ಕೊನೆಗೆ ಅದನ್ನು ಕಂಬದಿಂದ ಬಿಚ್ಚಿ, ಹಿಂದಿನಿಂದ ಹಿಡಿದುಕೊಂಡು ಪಂಚಾಯಿತಿಯ ಕಸದ ಗಾಡಿಗೆ ಹಾಕಿದ.

ಮೂರನೇ ದಿನ ಗಾಡಿಯ ರವಿ ಅದನ್ನು ವಾಪಸು ತಂದ. "ಅಕ್ಕಾ, ನಿಮ್ಮ ದನಿ ಕಸದ ಶೆಡ್ಡಲ್ಲಿ ಕೂತ್ಕೊಂಡು, ಬಂದೋರನ್ನೆಲ್ಲಾ ಓಡಿಸ್ತಿದೆ. ಯಾರೂ ಕಸಾನೇ ತರ್ತಿಲ್ಲ. ಬಿಸಿಲು ಬಿದ್ರೆ ಸಾಕು, ಶುರು. ತಗೊಳ್ಳಿ, ನಮಗೆ ಬೇಡ."

ಈ ಮೂರು ದಿನದಲ್ಲಿ ಮಂಗಗಳು ನಾಲ್ಕು ಮರ ಬೋಳಿಸಿದ್ದವು. ವೈರು ಕಿತ್ತು ಸಾಯಿಸಿಬಿಡೋಣ ಎಂದ ಪುಟ್ಟಸ್ವಾಮಿ. ಕುಸುಮಕ್ಕ ಯಂತ್ರವನ್ನು ತೊಡೆಯ ಮೇಲಿಟ್ಟುಕೊಂಡು ಸೆರಗಿನಿಂದ ಧೂಳು ಒರೆಸಿದಳು. "ಬೇಡ ಕಣ್ರೀ. ಕೆಟ್ಟಿದ್ದರೆ ಎಸೆಯಬಹುದಿತ್ತು, ಕೆಟ್ಟಿಲ್ಲ. ಈಗ ಸಾಯಿಸಿದ್ರೆ ಆ ಅಮ್ಮನ ಕಿವಿಯಲ್ಲಿ ನನ್ನ ಬೈಗುಳವೇ ಕೊನೇ ಮಾತಾಗಿ ಉಳಿಯುತ್ತೆ. ನಾನು ಆಡಿದ ಮಾತು ನಾನೇ ಸರಿಮಾಡಬೇಕು."

ಬುಧವಾರ ಮೂಡಿಗೆರೆಯಲ್ಲಿ ತಹಸೀಲ್ದಾರ್ ಸಾಹೇಬರ ಜನಸಂಪರ್ಕ ಸಭೆ. ಯಂತ್ರಕ್ಕೆ ಹೊಸ ಗೋಣಿಚೀಲ ತೊಡಿಸಿಕೊಂಡು ಇಬ್ಬರೂ ಬಸ್ಸು ಹತ್ತಿದರು. ಕುಸುಮಕ್ಕನ ಸರದಿ ಬಂದಾಗ ಮೈಕಿಗೂ ಅವಳ ದನಿ ಸಿಕ್ಕಲಿಲ್ಲ. "ಜೋರಾಗಿ ಹೇಳಿ ಅಮ್ಮ" ಎಂದರು ಸಾಹೇಬರು. ಪುಟ್ಟಸ್ವಾಮಿ ಗಂಟಲು ಸರಿಮಾಡಿಕೊಂಡು ಎದ್ದ. ಅವಳು ಅವನ ಅಂಗಿ ಹಿಡಿದು ಕೂರಿಸಿ, ಮೈಕನ್ನು ತುಟಿಗೇ ತಾಗಿಸಿಕೊಂಡಳು.

"ಸಾರ್, ಎಸ್ಟೇಟಿನ ಕೆಲಸ ಬಿಟ್ಟು ಹೋಗೋರು ಕೂಲಿ ಲೈನ್ ಮನೆ ಖಾಲಿ ಮಾಡುವಾಗ ಬೀಗದ ಕೈನ ಲೆಕ್ಕ ಬರೆಯೋ ರೈಟರ್ ಹತ್ರ ಕೊಟ್ಟೇ ಹೋಗ್ತಾರೆ. ಬಡವರು ಸಾರ್, ಓದಿಲ್ಲದವರು. ಯಾರೂ ಬೀಗದ ಕೈ ಜೇಬಿಗೆ ಹಾಕ್ಕೊಂಡು, ಆ ಮನೆ ಬೀಳಿಸಿ ಹೊಸದು ಕಟ್ಟಿಸ್ಕೊಳ್ಳಿ ಅನ್ನಲ್ಲ. ಮಾಡೆಲ್ ನಿಲ್ಲಿಸಲಿ, ಅದು ಅವ್ರಿಷ್ಟ. ಹೋಗೋವಾಗ ಬೀಗ ತೆಗೆದು ಹೋಗಿ ಅಂತ ಒಂದು ಕಾನೂನು ಬೇಡ್ವಾ?"

ಸಭೆ ಗುಜುಗುಜು ಎಂದಿತು. ಒಬ್ಬರ ಮನೆಯಲ್ಲಿ ಹೀಗೇ ಬಾಯಿ ಮುಚ್ಚಿದ ಟಿವಿ, ಇನ್ನೊಬ್ಬರಲ್ಲಿ ನೀರು ಶುದ್ಧ ಮಾಡದೆ ಕೆಂಪು ದೀಪ ಮಾತ್ರ ತೋರಿಸುವ ಯಂತ್ರ. ಎಲ್ಲವೂ ಗಟ್ಟಿಮುಟ್ಟು, ಎಲ್ಲವೂ ಅಟ್ಟದಲ್ಲಿ.

"ಹಾಗೆ ಮಾಡಲೇಬೇಕು ಅಂತ ನಿಯಮ ಮಾಡೋದು ನನ್ನ ಕೈಲಿಲ್ಲ ಅಮ್ಮ. ಇ-ವೇಸ್ಟ್ ಡಬ್ಬಿ ಹೊರಗಿದೆ" ಎಂದರು ಸಾಹೇಬರು. ಆದರೂ ಒಳ್ಳೆಯ ಮನುಷ್ಯ, ಕಂಪನಿಗೆ ಅಲ್ಲೇ ಫೋನು ಹಚ್ಚಿ ಸ್ಪೀಕರಿಗೆ ಹಾಕಿದರು. ಅದೇ ಹುಡುಗಿ, ಅದೇ ಪಾಲಿಸಿ. ಕುಸುಮಕ್ಕ ಸದ್ದಿಲ್ಲದೆ ಹೋಗಿ ಯಂತ್ರವನ್ನು ಕಿಟಕಿ ಪಕ್ಕದ ಮೇಜಿನ ಮೇಲಿಟ್ಟು ಚೀಲ ತೆಗೆದಳು. ಸಾಹೇಬರು ಪೆನ್ನಿಗೆ ಕೈ ಚಾಚಿದರು.

"ಮತ್ತೆ ಬಂದ್ಯಾ? ನಾಚ್ಕೆ ಆಗಲ್ವಾ ನಿಂಗೆ? ತಿಂದಿದ್ದು ಸಾಕಾಗ್ಲಿಲ್ವಾ?"

ಫೋನಿನ ಆ ಕಡೆಯಿಂದ ಹುಡುಗಿ, "ಸಾರ್, ಅದು ಯಾರು ಮಾತಾಡಿದ್ದು?" ಎಂದಳು.

"ನಿಮ್ಮ ಗ್ರಾಹಕರು" ಎಂದರು ಸಾಹೇಬರು.

ಹುಡುಗಿ ಮೇಲಿನವರಿಗೆ ಕೊಟ್ಟಳು. ಅವರು ಪಾಲಿಸಿ ಎನ್ನುವಷ್ಟರಲ್ಲಿ ಸಭೆಯಲ್ಲಿ ಯಾರೋ ನಗು ತಡೆಯಲಾಗದೆ ಎದ್ದರು, ಯಂತ್ರ ಅವರ ಕಾಲು ಮುರಿಯುವ ಮಾತಾಡಿತು. ಇನ್ನೂ ಮೇಲಿನವರು ಬಂದರು. ಅವರೂ ಬೈಸಿಕೊಂಡರು. ಮೂರನೆಯವರು ಪಾಲಿಸಿಯ ಸುದ್ದಿಯನ್ನೇ ಎತ್ತದೆ, ವಾರದೊಳಗೆ ಬೀಗದ ನಂಬರ್ ಕಳಿಸುತ್ತೇವೆ ಎಂದು ಫೋನಿಟ್ಟರು. ಮಾರುವುದನ್ನು ನಿಲ್ಲಿಸಿದವರು ಬೀಗ ತೆಗೆದೇ ಹೋಗಬೇಕೆಂಬ ಕುಸುಮಕ್ಕನ ಮಾತನ್ನು ಸಾಹೇಬರು ಪತ್ರ ಮಾಡಿ ಮೇಲಕ್ಕೆ ಕಳಿಸಿದರು. ಅದು ಇನ್ನೂ ಮೇಲಕ್ಕೆ ಹೋಗುತ್ತಲೇ ಇದೆಯಂತೆ.

ನಂಬರ್ ಬಂತು, ಬೀಗ ತೆರೆಯಿತು. "ಬೈಗುಳ ತೆಗೆದು ಸುಪ್ರಭಾತ ಹಾಕೇ" ಎಂದ ಪುಟ್ಟಸ್ವಾಮಿ. ಕುಸುಮಕ್ಕ ತಲೆಯಾಡಿಸಿ, ಮೊಬೈಲು ಹಿಡಿದು ಒಬ್ಬಳೇ ಕಿತ್ತಳೆ ಮರದ ಕೆಳಗೆ ಹೋದಳು. ಆಮೇಲೆ ಅಶ್ವಿನ್‌ಗೆ ಫೋನ್ ಮಾಡಿ, ಅಜ್ಜಿಯನ್ನು ಗೇಟಿನವರೆಗೆ ಮಾತ್ರ ಕರೆತರಬೇಕೆಂದು ಬೇಡಿಕೊಂಡಳು.

ನಿಶ್ಚಿತಾರ್ಥದ ದಿನ ಕೃಷ್ಣಮ್ಮನವರು ಜೀಪಿನಿಂದ ಇಳಿದು ಗೇಟಿನ ಹತ್ತಿರ ಬಂದರು. ಯಂತ್ರ ಶುರುಮಾಡಿತು. ಮತ್ತೆ ಬಂದ್ಯಾ, ನಾಚ್ಕೆ ಆಗಲ್ವಾ, ಒಂದಕ್ಷರ ಬದಲಾಗಿರಲಿಲ್ಲ. ಅಂಗಳದಲ್ಲಿ ಎಲ್ಲರ ಜೀವ ಬಾಯಿಗೆ ಬಂತು. ಕಾಲು ಮುರಿದಾಯಿತು. ಅದರ ಬೆನ್ನಿಗೇ ಅದೇ ಡಬ್ಬಿಯಿಂದ ಮೆತ್ತನೆಯ ದನಿ ಬಂತು:

"ಮನುಷ್ಯರಾದ್ರೆ ಒಳಗೆ ಬನ್ನಿ. ನಿಮಗೋಸ್ಕರನೇ ಕಾಯ್ತಿದ್ದೆ. ಊಟ ಮಾಡದೆ ಹೋಗಬಾರದು, ನನಗೋಸ್ಕರ ಒಂದು ತುತ್ತು."

ಮಂಗಗಳು ಮೊದಲ ಮಾತಿಗೇ ಓಡಿದ್ದರಿಂದ ಅವುಗಳಿಗೆ ಇದು ಕೇಳಿಸಲಿಲ್ಲ. ಕೃಷ್ಣಮ್ಮನವರಿಗೆ ಕೇಳಿಸಿತು. ಅವರು ಎರಡು ಹೆಜ್ಜೆ ಹಿಂದೆ ಹೋಗಿ, ಮತ್ತೆ ಮುಂದೆ ಬಂದು, ಇನ್ನೊಂದು ಸಲ ಪೂರ್ತಿ ಬೈಸಿಕೊಂಡು, ಕೊನೆಯ ಮಾತನ್ನು ಕಣ್ಣುಮುಚ್ಚಿ ಕೇಳಿದರು. "ಬಂದೆ ಮಾರಾಯ್ತಿ, ಮಂಗ ಅಲ್ಲ ನಾನು" ಎಂದು ಡಬ್ಬಿಗೇ ಉತ್ತರ ಕೊಟ್ಟು ಅಂಗಳಕ್ಕೆ ಕಾಲಿಟ್ಟರು.

ಎಲೆ ಮುಂದೆ ಕೂತಾಗ ಅವರು ಕುಸುಮಕ್ಕನನ್ನು ಹತ್ತಿರ ಕರೆದರು. "ನಮ್ಮ ಮನೆ ಗೇಟಿಗೂ ಇಂಥದ್ದೊಂದು ಬೇಕು. ಮಂಗ ಇಲ್ಲ, ನೆಂಟರು ಜಾಸ್ತಿ. ಹೊಸ ಮಾಡೆಲ್ ಬೇಡ, ಬೀಗ ತೆಗೆದಿರೋ ಹಳೇದೇ ಹುಡುಕಿಸು. ಅದಕ್ಕೂ ನೀನೇ ಬಂದು ಬೈಬೇಕು."

ಕುಸುಮಕ್ಕ ಮೆತ್ತಗೆ, "ಆಗಲಿ" ಎಂದು ಇನ್ನೊಂದು ಸೌಟು ಪಾಯಸ ಬಡಿಸಿದಳು.